ಅಪ್‌ಡೇಟ್: ಆಂಪ್ಲಿಫೈಯರ್‌ಗೆ ವಾಲ್ಯೂಮ್ ಚಿಪ್ ಆಯ್ಕೆಯಾಯಿತು

ತೀರ್ಥಹಳ್ಳಿಯ ಮಳೆಗಾಲದ ತೇವಕ್ಕೆ ಕರಕರ ಎನ್ನುತ್ತಿದ್ದ, ತಿರುಗಿಸಿ ಸದ್ದು ಏರಿಳಿಸುವ ವಾಲ್ಯೂಮ್ ಪಾಟ್‌ನ ಬದಲಿಗೆ, ನಾನೇ ಕಟ್ಟಿದ ಆಂಪ್ಲಿಫೈಯರ್‌ಗೆ ಯಾವ ಡಿಜಿಟಲ್ ಚಿಪ್ ಸೂಕ್ತವೆಂದು ಕೇಳಿದ್ದೆ. ಕೆಲವರು ಹೇಳಿದ ಅಗ್ಗದ ಎಕ್ಸ್9ಸಿ103 ಚಿಪ್ ಒಗ್ಗಲಿಲ್ಲ. ಅದರ 100 ಹಂತಗಳು ಸಮಾನ ಅಂತರದವಾದ್ದರಿಂದ, ತೀರಾ ಕೆಳಗೆ ಒಂದರಿಂದ ಎರಡಕ್ಕೆ ಏರಿಸಿದೊಡನೆ ಸದ್ದು 6 ಡೆಸಿಬೆಲ್ ಜಿಗಿಯುತ್ತದೆ, ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ನಿಜಕ್ಕೂ ಕಿರಿಕಿರಿ. ಕೊನೆಗೆ ನಾನು ಆರಿಸಿದ ಪಿಜಿಎ2311 ಚಿಪ್ ಸೂಚಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು: ಮೈನಸ್ 95.5ರಿಂದ ಪ್ಲಸ್ 31.5ರವರೆಗೆ ಅರ್ಧರ್ಧ ಡೆಸಿಬೆಲ್‌ನಂತೆ ನಯವಾಗಿ ಏರುತ್ತದೆ. ಪ್ಲಸ್, ಮೈನಸ್ 5 ವೋಲ್ಟ್ ವಿದ್ಯುತ್ ಪೂರೈಕೆ ಎರಡೂ ಇದಕ್ಕೆ ಬೇಕು. ಅಚ್ಚರಿಯೆಂದರೆ, ಜೆಡ್‌ಸಿಇಎನ್ ಪಿನ್ನಿಗೆ 5 ವೋಲ್ಟ್ ಕೊಟ್ಟಾಗ ಸಿಗ್ನಲ್ ಶೂನ್ಯವನ್ನು ದಾಟುವ ಕ್ಷಣದಲ್ಲೇ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಬದಲಾಗುವುದರಿಂದ, ವಾಲ್ಯೂಮ್ ಬದಲಿಸುವಾಗಿನ ಟಿಕ್ ಟಿಕ್ ಸದ್ದು ಪೂರ್ತಿ ನಿಂತಿತು. ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಚಿಪ್ ಒಡ್ಡುವ ತಡೆ) 10 ಕಿಲೋಓಮ್ ಮಾತ್ರವಿರುವುದರಿಂದ, ಸಿಗ್ನಲ್ ಮೂಲಕ್ಕೆ ಹೊರೆಯಾಗದಂತೆ ಚಿಪ್‌ಗೆ ಮೊದಲು ಎನ್‌ಇ5532 ಆಪ್-ಆಂಪ್‌ನ ಬಫರ್ ಇಟ್ಟಿದ್ದೇನೆ.