ಪದ ಬೇಕು: ‘ರ‍್ಯಾಷನಲ್’ ಆಯ್ಕೆ (ಅರ್ಜೆಂಟ್)

ಗೆಳೆಯರೇ,
ಕಾಲೇಜಿನ ವಸ್ತುಪ್ರದರ್ಶನಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಕೊಡಬೇಕು. ವಿಷಯ, ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾನೆಮನ್ 1981ರಲ್ಲಿ ಪ್ರಕಟಿಸಿದ ಪರೀಕ್ಷೆ. 15 ಡಾಲರಿನ ಕ್ಯಾಲ್ಕುಲೇಟರ್ ಇನ್ನೊಂದು ಅಂಗಡಿಯಲ್ಲಿ 10ಕ್ಕೆ ಸಿಗುತ್ತದೆ, ಕಾರಿನಲ್ಲಿ 20 ನಿಮಿಷದ ದಾರಿ, ಹೋಗುತ್ತೀರಾ ಅಂತ ಕೇಳಿದರೆ 68% ಜನ ಹೂಂ ಅಂದರು. ಅದರ ಬೆಲೆ ಇಲ್ಲಿ 125, ಅಲ್ಲಿ 120 ಅಂದಾಗ ಹೂಂ ಅಂದವರು 29% ಮಾತ್ರ. ಉಳಿಯುವುದು ಅದೇ 5 ಡಾಲರ್, ಅಲ್ವಾ? ಇಂಥದ್ದು ‘ರ‍್ಯಾಷನಲ್’ ಅಲ್ಲ ಅನ್ನೋದಕ್ಕೆ ‘ವಿವೇಕಯುತವಲ್ಲ’ ಅಂತ ಹಾಕಲೇ?

* * *

ಬೇಡ. ವಿವೇಕ ಅಂದರೆ ಒಳ್ಳೆಯದು ಕೆಟ್ಟದ್ದು ಬೇರ್ಪಡಿಸುವುದು. ಈ ಪರೀಕ್ಷೆಗಳಿಗೆ ಅದು ಬೇಕಾಗಿಯೇ ಇಲ್ಲ. 1938ರಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮುಯೆಲ್ಸನ್ ಕೇಳಿದ್ದೂ ಇಷ್ಟೇ: ಒಂದು ಆಯ್ಕೆ ಇನ್ನೊಂದಕ್ಕೆ ಅಡ್ಡ ಬರಬಾರದು. ಸಂಬಳವನ್ನೆಲ್ಲ ಕುಡಿದು ಹಾಳು ಮಾಡುವವನೂ, ಬೆಲೆ ಏರಿಳಿದಾಗ ಅಡ್ಡದಿಡ್ಡಿ ಕೊಳ್ಳದಿದ್ದರೆ ಪಾಸು. ಅವನನ್ನು ವಿವೇಕಿ ಅಂತೀರಾ? ಮೂಲ ನೋಡಿ. ಲ್ಯಾಟಿನ್ನಿನ ‘ರೇಷಿಯೋ’ ಅಂದರೆ ಲೆಕ್ಕ. ರೇಷನ್ ಕಾರ್ಡಿನ ರೇಷನ್ನೂ ಅದರದ್ದೇ ಸಂತಾನ. ‘ಲೆಕ್ಕಾಚಾರದ ಆಯ್ಕೆ’ ಅಂತ ಹಾಕಿ, ಮುಗೀತು.

* * *

ಮುಗಿದಿಲ್ಲ. ‘ಭಾರೀ ಲೆಕ್ಕಾಚಾರದ ಮನುಷ್ಯ’ ಅಂತ ನಾವು ಯಾರನ್ನು ಬೈತೀವಿ, ಗೊತ್ತಲ್ಲ? ಸಾಲದ್ದಕ್ಕೆ ಲೆಕ್ಕ ತದ್ಭವ. ನಮ್ಮ ಪದ ಎಣಿಕೆ. ಮಂಗಳೂರು ಕಡೆ ‘ನಾನು ಹಾಗೆ ಎಣಿಸಿದೆ’ ಅಂದರೆ ಹಾಗೆ ಯೋಚಿಸಿದೆ ಅಂತ. ಲೆಕ್ಕ, ಯೋಚನೆ ಎರಡೂ ಅರ್ಥ ಒಂದರಲ್ಲೇ ಇರುವಾಗ ಸಾಲ ಯಾಕೆ? ‘ಎಣಿಕೆಯ ಆಯ್ಕೆ’.

* * *

ಓದಿದವರು ಮತ ಎಣಿಕೆ ಅಂದುಕೊಳ್ಳುತ್ತಾರೆ. ಅಂದಹಾಗೆ ನಿಮ್ಮ ಪತ್ರದ ‘ಪದ’, ‘ಅರ್ಥ’, ‘ಯೋಚನೆ’ ಯಾರ ಮನೆಯವು? ಸುಮ್ನೆ ‘ಲೆಕ್ಕ’ ಒಬ್ಬನಿಗೆ ಮಾತ್ರ ಯಾಕೆ ಗಡೀಪಾರು?

* * *

ಸಾರ್, ಈ ಜಗಳ ಆಮೇಲೆ ಇಟ್ಟುಕೊಳ್ಳಿ, ಪ್ರೆಸ್ಸಿನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಅಡ್ಡ ಬರಬಾರದು ಅಂದಿರಲ್ಲ, ಅದನ್ನೇ ಹಿಡಿದು ‘ಒಂದಕ್ಕೊಂದು ಹೊಂದದ ಆಯ್ಕೆ’ ಅಂತ ಹಾಕಿದ್ದೇನೆ. ನಮ್ಮ ಎಕನಾಮಿಕ್ಸ್ ಮೇಷ್ಟ್ರಿಗೆ ‘ತರ್ಕಬದ್ಧವಲ್ಲದ’ ಬೇಕಂತೆ. ಅದು ಬ್ರಾಕೆಟ್ಟಿನಲ್ಲಿರಲಿ.

* * *

ಬ್ರಾಕೆಟ್ ಅಲ್ಲ, ಆವರಣ.

* * *

ಆವರಣ ಸಂಸ್ಕೃತ.