ನಮ್ಮ ಆಟದ ಕ್ಯಾಂಪೇನ್‌ಗೆ (ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಕಥೆಗೆ) ಒತ್ತಿ ನೋಡುವಂಥ ಮ್ಯಾಪ್ ಮಾಡುವುದು ಹೇಗೆ?

ಭಾನುವಾರದ_ಡಿಎಂ
ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ನಾವು ಐದು ಜನ ಭಾನುವಾರ ಸೇರಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರಗಳಾಗಿ ಕಥೆ ಕಟ್ಟುತ್ತಾ ಆಡುವ ಆಟ) ಆಡುತ್ತೇವೆ, ಪೂರ್ತಿ ಕನ್ನಡದಲ್ಲೇ. ನಮ್ಮ ಲೋಕದ ಮ್ಯಾಪನ್ನು ಹಾಳೆಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕ್ರಿಟಾ ಅನ್ನೋ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬಣ್ಣ ತುಂಬಿದ್ದೇನೆ. 8192 x 8192 ಪಿಕ್ಸೆಲ್ ಇದೆ. ಆಟಗಾರರು ಫೋನಿನಲ್ಲಿ ತೆರೆದು ಒಂದು ಊರಿನ ಮೇಲೆ ಒತ್ತಿದರೆ ಅಲ್ಲಿ ಯಾರು ಸಿಕ್ಕಿದ್ದರು, ಏನು ಮಾತು ಕೊಟ್ಟು ಬಂದೆವು ಅಂತ ಕಾಣಬೇಕು. ಚಿತ್ರವನ್ನು ಹಾಗೇ ಕಳಿಸಿದರೆ ಇಬ್ಬರ ಫೋನಿನಲ್ಲಿ ತೆರೆಯುವುದೇ ಇಲ್ಲ. ಅವರು ಇನ್ನೂ ನೋಡಿರದ ಜಾಗಗಳನ್ನು ಮುಚ್ಚಿಡುವುದು ಹೇಗೆ ಅನ್ನೋದೂ ಗೊತ್ತಾಗುತ್ತಿಲ್ಲ. ಜಾವಾಸ್ಕ್ರಿಪ್ಟ್ ಸ್ವಲ್ಪ ಬರುತ್ತದೆ. ದುಡ್ಡು ಖರ್ಚಿಲ್ಲದೆ ಆಗುತ್ತಾ?

ಮಲ್ಲೇಶ್ವರ_ಹದಿನೆಂಟು
ಆಗುತ್ತದೆ. ಲೀಫ್ಲೆಟ್ ಬಳಸಿ, ವೆಬ್ ಪೇಜಿನಲ್ಲಿ ಮ್ಯಾಪ್ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ, ಉಚಿತ. ನಿಮ್ಮ ಚಿತ್ರ ಬಿಚ್ಚಿಕೊಂಡಾಗ ಒಂದು ಪಿಕ್ಸೆಲ್‌ಗೆ 4 ಬೈಟ್, ಅಂದರೆ ಒಟ್ಟು ಸುಮಾರು 268 ಎಂಬಿ ಮೆಮೊರಿ ಬೇಕು, ಅದಕ್ಕೇ ಫೋನ್ ಕೈ ಕೊಡುವುದು. ಚಿತ್ರವನ್ನು 256 ಪಿಕ್ಸೆಲ್‌ನ ಚೌಕಗಳಾಗಿ, ಅಂದರೆ ಟೈಲ್‌ಗಳಾಗಿ, ಕತ್ತರಿಸಿಕೊಳ್ಳಿ. ಜೂಮ್ 0ರಿಂದ 5ರವರೆಗೆ ಸೇರಿ 1365 ಟೈಲ್ ಆಗುತ್ತವೆ, ಆದರೆ ಪರದೆಯಲ್ಲಿ ಕಾಣುವಷ್ಟನ್ನು ಮಾತ್ರ ಫೋನ್ ಇಳಿಸಿಕೊಳ್ಳುತ್ತದೆ. ಕತ್ತರಿಸೋಕೆ ಜಿಡಾಲ್2ಟೈಲ್ಸ್ (gdal2tiles) ಅನ್ನೋ ಪ್ರೋಗ್ರಾಂ ಇದೆ. ಪ್ರೊಫೈಲ್ ರಾಸ್ಟರ್ ಅಂತ ಕೊಡಿ, ಎಕ್ಸ್‌ವೈಝಡ್ ಆಯ್ಕೆ ಮರೆಯಬೇಡಿ, ಮರೆತರೆ ಸಾಲುಗಳ ಎಣಿಕೆ ಕೆಳಗಿನಿಂದ ಶುರುವಾಗಿ ನಿಮ್ಮ ಉತ್ತರದ ಬೆಟ್ಟ ದಕ್ಷಿಣಕ್ಕೆ ಹೋಗಿ ಕೂರುತ್ತದೆ.

ಲೀಫ್ಲೆಟ್ ಭೂಮಿಯ ಅಕ್ಷಾಂಶ ರೇಖಾಂಶ ಅಂದುಕೊಂಡು ಲೆಕ್ಕ ಹಾಕುತ್ತದೆ, ಹಾಗಾಗಿ ಸಿಆರ್‌ಎಸ್ ಸಿಂಪಲ್ (CRS.Simple, ಚಪ್ಪಟೆ ಚಿತ್ರದ ಲೆಕ್ಕ) ಅಂತ ಹೇಳಬೇಕು. ಊರಿನ ಗುರುತು ಇಡುವಾಗ ಕ್ರಿಟಾದ ಪಿಕ್ಸೆಲ್ ಸಂಖ್ಯೆಯನ್ನು ಹಾಗೇ ತಂದು, ಜೂಮ್ 5 ಅಂತ ಹೇಳಿ ಲೀಫ್ಲೆಟ್‌ನ ಅನ್‌ಪ್ರಾಜೆಕ್ಟ್ (unproject) ಫಂಕ್ಷನ್‌ಗೆ ಕೊಡಿ, ಅದು ಪಿಕ್ಸೆಲನ್ನು ಮ್ಯಾಪಿನ ಸ್ಥಾನವಾಗಿ ಬದಲಿಸುತ್ತದೆ. ಸರಿಯಾದ ಜಾಗದಲ್ಲಿ ಕೂರುತ್ತದೆ.

ಕೆರೆ_ಏರಿ
ಮುಚ್ಚಿಡುವ ವಿಷಯ. ಲೇಯರ್ ಆಫ್ ಮಾಡಿದರೆ ಸಾಕು ಅಂತ ನಾನೂ ನಂಬಿದ್ದೆ. ಸಾಲದು. ಡೇಟಾ ಅಷ್ಟರಲ್ಲಿ ಆಟಗಾರರ ಬ್ರೌಸರ್‌ಗೆ ಬಂದಿರುತ್ತದೆ, ನಮ್ಮ ಗುಂಪಿನಲ್ಲಿ ಒಬ್ಬಳು ಪೇಜ್ ಸೋರ್ಸ್ ತೆರೆದಾಗ ಆರು ತಿಂಗಳು ಕಾದಿಟ್ಟ ಸುರಂಗದ ಹೆಸರೇ ಕಾಣಿಸಿಬಿಟ್ಟಿತು. ಅವತ್ತು ನನಗೆ ತುಂಬಾ ಬೇಜಾರಾಯಿತು. ಈಗ ಎರಡು ಫೈಲ್ ಇಟ್ಟಿದ್ದೇನೆ. ಗುಟ್ಟಿನದು ನನ್ನ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಿಲ್ಲ, ಆಟ ಮುಗಿದ ರಾತ್ರಿ ಅವರು ಕಂಡ ಜಾಗಗಳನ್ನಷ್ಟೇ ಇನ್ನೊಂದಕ್ಕೆ ಸೇರಿಸುತ್ತೇನೆ. ಗಿಟ್‌ಹಬ್ ಪೇಜಸ್‌ನಲ್ಲಿ (ಗಿಟ್‌ಹಬ್‌ನ ವೆಬ್ ಪೇಜ್ ಇಡುವ ಸೇವೆ) ಇಡುವುದಾದರೆ ಜಾಸ್ತಿ ಎಚ್ಚರ, ಅಳಿಸಿದ್ದೂ ಹಳೆಯ ಕಮಿಟ್‌ಗಳಲ್ಲಿ, ಅಂದರೆ ಉಳಿಸಿಟ್ಟ ಹಿಂದಿನ ಆವೃತ್ತಿಗಳಲ್ಲಿ, ಉಳಿದಿರುತ್ತದೆ.

ಇನ್ನೊಂದು, ಊರಿನ ಹೆಸರನ್ನು ಚಿತ್ರದೊಳಗೆ ಬರೆಯಬೇಡಿ. ಟೂಲ್‌ಟಿಪ್‌ನಲ್ಲಿ (ಗುರುತಿನ ಪಕ್ಕ ಕಾಣುವ ಚಿಕ್ಕ ಪಟ್ಟಿ) ಹಾಕಿ. ನಾನು ಮೊದಲು ಬಳಸಿದ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರಗಳೆಲ್ಲ ಒಡೆದು ಹೋಗಿದ್ದವು, ಬ್ರೌಸರ್‌ನಲ್ಲಿ ಸರಿಯಾಗಿ ಬರುತ್ತವೆ. ಬಾಲೂ ತಮ್ಮ ಫಾಂಟ್ ಹಾಕಿ ನೋಡಿ, ಮ್ಯಾಪಿನ ಮೇಲೆ ತುಂಬಾ ಚೆನ್ನಾಗಿ ಕಾಣುತ್ತದೆ.

ದಿಣ್ಣೆ_ಮೇಲಿನವನು
ಟೈಲ್ ಕತ್ತರಿಸುವ ಮುಂಚೆ ನದಿಗಳನ್ನು ಒಮ್ಮೆ ನೋಡಿಕೊಳ್ಳಿ. ನದಿಗಳು ಸೇರುತ್ತವೆ, ಸಮುದ್ರದ ಹತ್ತಿರ ಬಿಟ್ಟರೆ ಕವಲಾಗುವುದು ಅಪರೂಪ. ನಮ್ಮ ಬೆಂಗಳೂರನ್ನೇ ನೋಡಿ, ದಿಣ್ಣೆಯ ಮೇಲಿದೆ. ಒಂದು ಕಡೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ, ಇನ್ನೊಂದು ಕಡೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿ ಇಲ್ಲ, ಅದಕ್ಕೇ ಒಂದರಿಂದ ಒಂದಕ್ಕೆ ಕೋಡಿ ಹರಿಯುವ ಕೆರೆಗಳು. ಊರಿನ ಹೆಸರಲ್ಲೂ ನೀರಿದೆ: ಬೊಮ್ಮಸಂದ್ರ, ಸಿಂಗಸಂದ್ರ, ಸಂದ್ರ ಅಂದರೆ ಸಮುದ್ರ, ದೊಡ್ಡ ಕೆರೆ. ನಿಮ್ಮ ಲೋಕದಲ್ಲೂ ಒಂದು ಸಂದ್ರ ಇದ್ದರೆ ಆಟಗಾರರು ಕೇಳದೆಯೇ ಕೆರೆ ಹುಡುಕುತ್ತಾರೆ, ಅಲ್ವಾ? ಆ ಕೆರೆ ಬತ್ತಿದ್ದರೆ ಯಾಕೆ ಬತ್ತಿತು ಅಂತ ಅವರೇ ಕೇಳುತ್ತಾರೆ. ನಿಮಗೆ ಎರಡು ಸೆಷನ್‌ಗೆ ಕಥೆ ಸಿಕ್ಕಿತು.

ಭಾನುವಾರದ_ಡಿಎಂ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೈಲ್ ಆಗಿವೆ, ಆ ಇಬ್ಬರ ಫೋನಿನಲ್ಲೂ ಈಗ ತೆರೆಯಿತು. ನನ್ನ ಮ್ಯಾಪಿನಲ್ಲಿ ಒಂದು ನದಿ ಬಯಲಿನ ನಡುವೆ ಎರಡಾಗಿತ್ತು. ಈಗ ಒಂದು ಕವಲನ್ನು ಯಾರೋ ತೋಡಿಸಿದ ಕಾಲುವೆ ಅಂತ ಮಾಡಿದ್ದೇನೆ. ತೋಡಿಸಿದವರು ಯಾರು ಅನ್ನೋದು ಸದ್ಯಕ್ಕೆ ಲ್ಯಾಪ್‌ಟಾಪ್‌ನ ಫೈಲಿನಲ್ಲಿದೆ.