ತುರ್ತು: ಉರಿಯದ, ಊದದ ‘ಉರಿಯೂತ’ಕ್ಕೆ ಒಂದು ಪದ ಬೇಕು

ನಮಸ್ಕಾರ. ಗುರುವಾರ ಸುಂಟಿಕೊಪ್ಪದ ಹತ್ತಿರ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆಗಳು) ಆರೋಗ್ಯ ಶಿಬಿರ. ಬ್ಯಾನರ್ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಡಾಕ್ಟರು ಕೊಟ್ಟ ಸಾಲು: “ಸ್ಥೂಲಕಾಯತೆ ಹಾಗೂ ದೀರ್ಘಕಾಲಿಕ ಉರಿಯೂತದಿಂದ ಅರ್ಬುದದ ಅಪಾಯ.” ಲೈನಿನ ಒಬ್ಬ ಅಕ್ಕನಿಗೆ ಓದಿ ಹೇಳಿದೆ. “ಹೊಟ್ಟೆ ಉರಿ ನಂಗೂ ಉಂಟು, ಖಾರ ಬಿಟ್ರೆ ಸಾಕಾ?” ಅಂದರು. ಸ್ಥೂಲಕಾಯತೆಯನ್ನು ‘ಬೊಜ್ಜು’ ಮಾಡಿದೆ, ಅರ್ಬುದವನ್ನು ‘ಕ್ಯಾನ್ಸರ್’. ಉರಿಯೂತಕ್ಕೇನು ಮಾಡಲಿ?

ವಿರಾಜಪೇಟೆಯಿಂದ:
ಉರಿ, ಊತ ಎರಡೂ ಅಚ್ಚಗನ್ನಡ. ಪದ ಸರಿಯಾಗಿದೆ, ಜನಕ್ಕೆ ಕಲಿಸಿ. ‘ಏಡಿಗಂತಿ’ ಇರುವಾಗ ‘ಕ್ಯಾನ್ಸರ್’ ಯಾಕೆ?

ಅಮ್ಮತ್ತಿಯಿಂದ:
ಏಡಿಗಂತಿಯ ಏಡಿ ಲ್ಯಾಟಿನ್ನಿನಿಂದ ಹತ್ತಿ ಬಂದದ್ದು, ಸ್ವಾಮಿ. ಆ ಭಾಷೆಯಲ್ಲಿ ಕ್ಯಾನ್ಸರ್ ಅಂದರೇ ಏಡಿ. ಬ್ಯಾನರಿನಲ್ಲಿ ಹಾಕಿದರೆ ಮಳೆಗಾಲದ ಗದ್ದೆ ಏಡಿ ಸಾರು ಬಿಡಬೇಕಾ ಅಂತ ಕೇಳ್ತಾರೆ. ಕಾಫಿ, ಲೈನ್, ರೈಟರ್ ಎಲ್ಲ ಎರವಲೇ. ಯಾರಿಗೂ ಅಜೀರ್ಣ ಆಗಿಲ್ಲ.

ಕುಶಾಲನಗರದಿಂದ (ನಾನು ನರ್ಸ್):
ಕಾಲಿಗೆ ಮುಳ್ಳು ಚುಚ್ಚಿ ಕೆಂಪಾಗಿ ಊದಿದರೆ ‘ಉರಿಯೂತ’ ಸರಿ. ಅದು ನಾಲ್ಕು ದಿನದಲ್ಲಿ ಆರುತ್ತದೆ. ಬೊಜ್ಜಿನದು ಹಾಗೆ ಬೇಗ ಆರುವುದಿಲ್ಲ, ನೋವೂ ಇಲ್ಲ. ಕೊಬ್ಬಿನ ಜೀವಕಣಗಳು ಉಬ್ಬಿದಲ್ಲಿಗೆ ರಕ್ಷಣಾ ಕಣಗಳು ಬಂದು ಸೇರುತ್ತವೆ, ವರ್ಷಗಟ್ಟಲೆ ರಾಸಾಯನಿಕ ಸುರಿಸುತ್ತವೆ. ಸುತ್ತಲಿನ ಕಣಗಳು ಕೆಡುತ್ತಾ, ಮತ್ತೆ ಮತ್ತೆ ಒಡೆದು ಹೆಚ್ಚುತ್ತಾ ಹೋದಂತೆ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳುತ್ತದೆ. ಇನ್ಸುಲಿನ್ ಏರುವುದೂ ಇದಕ್ಕೆ ಸೇರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ತಯಾರಾಗುವುದು ಮುಖ್ಯವಾಗಿ ಕೊಬ್ಬಿನಲ್ಲೇ. ಸ್ತನ, ಗರ್ಭಕೋಶದ ಕ್ಯಾನ್ಸರಿಗೆ ಅದೂ ಒಂದು ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ 13 ಬಗೆಯ ಕ್ಯಾನ್ಸರಿಗೆ ಬೊಜ್ಜಿನ ನಂಟು ಹೇಳಿದೆ. ಬೊಜ್ಜಿದ್ದವರಿಗೆಲ್ಲ ಬರುತ್ತದೆ ಅಂತಲ್ಲ. ‘ಅಪಾಯ’ ಬೇಡ, ‘ಸಾಧ್ಯತೆ ಜಾಸ್ತಿ’ ಅನ್ನಿ. ಪದ ಹುಡುಕುವುದೂ ಬಿಡಿ. ಹೀಗೆ ಬರೆಯಿರಿ: “ಬೊಜ್ಜು ಮೈಯೊಳಗಿನ ಬೂದಿ ಮುಚ್ಚಿದ ಕೆಂಡ. ಕೆಲವು ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ ಮಾಡುತ್ತದೆ.”

ವಿರಾಜಪೇಟೆಯಿಂದ:
ಇದು ನುಡಿಗಟ್ಟು, ಪಾರಿಭಾಷಿಕ ಪದ ಅಲ್ಲ. ನಿಘಂಟಿನಲ್ಲಿ ‘ಕೆಂಡ’ ಅಂತ ಹಾಕುತ್ತೀರಾ?

ಕುಶಾಲನಗರದಿಂದ:
ಲೈನಿನ ಗೋಡೆ ನಿಘಂಟಲ್ಲ.

ಸುಂಟಿಕೊಪ್ಪದಿಂದ:
ಅದೇ ಅಕ್ಕನಿಗೆ ಓದಿದೆ. ಒಲೆ ಕಡೆ ನೋಡಿ, “ಹಾಗಾದ್ರೆ ಗೊತ್ತೇ ಆಗಲ್ಲ ಅಲ್ವಾ?” ಅಂದರು. ಕೆಂಡವೇ ಪ್ರಿಂಟಿಗೆ ಹೋಯಿತು.

ವಿರಾಜಪೇಟೆಯಿಂದ:
‘ಬ್ಯಾನರ್’ಗೆ ಕನ್ನಡ ಇಲ್ಲವೇ?